ಕಾಫಿ ಮೂಟೆಯ ಕೋಣೆಯಲ್ಲಿ ಎಡಕುಮೇರಿ ಘಾಟಿ

ನಮ್ಮ ಕಡೆಗೆ ಬರುವ ನೆಂಟರು ಮೊದಲು ಕೇಳುವುದು ಮಂಜರಾಬಾದ್ ಕೋಟೆ, ಆಮೇಲೆ ಕಾಫಿ ತೋಟ, ಮೂರನೆಯದು ಘಾಟಿ ರೈಲು. ನಮ್ಮ ಕೆ. ಹೊಸಕೋಟೆ ಆಲೂರು ತಾಲ್ಲೂಕಿನ ಒಂದು ಹೋಬಳಿ. ಗದ್ದೆ ಇದೆ, ಕಾಫಿ ಇದೆ, ಮೆಣಸಿನ ಬಳ್ಳಿ ಇದೆ, ಸಂಜೆಯಾದರೆ ಆನೆ ಬಂತೆಂಬ ಸುದ್ದಿಯೂ ಇದೆ. ರೈಲು ಮಾತ್ರ ಇಲ್ಲ. ರೈಲು ಹತ್ತಬೇಕಾದರೆ ಆಲೂರಿಗೋ ಸಕಲೇಶಪುರಕ್ಕೋ ಹೋಗಬೇಕು. ಆದರೆ ಎರಡು ವರ್ಷದಿಂದ ನಮ್ಮ ಮನೆಯಲ್ಲಿ, ಕಾಫಿ ಮೂಟೆ ಇಡುವ ಕೋಣೆಯಲ್ಲಿ, ಒಂದು ಪುಟ್ಟ ಘಾಟಿಯೇ ಇದೆ. ಅದರಲ್ಲಿ ರೈಲು ಓಡುತ್ತದೆ, ಓಡಿಸುವುದು ಕಂಪ್ಯೂಟರು! ಮಕ್ಕಳಾಟಿಕೆಯ ಬಗ್ಗೆ ಬರೆಯೋದೇನಿದೆ ಅಂತ ನಗಬೇಡಿ, ಸೋದರಿಯರೇ. ಇದು ಮೂರು ತಲೆಮಾರು ಕೂಡಿ ಮಾಡಿದ ಕೆಲಸ.

ಮೊದಲು ನಿಜವಾದ ಘಾಟಿಯ ವಿಷಯ ಹೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ, ಕೆಳಗಿನ ನಿಲ್ದಾಣ ಇರುವುದು ನೂರ ಚಿಲ್ಲರೆ ಮೀಟರಿನಲ್ಲಿ. 50 ಅಡಿ ಹೋದರೆ ಒಂದು ಅಡಿ ಇಳಿಯುವಷ್ಟು ಕಡಿದು. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ನಡುವೆ ಸಿಗುವ ನಿಲ್ದಾಣಗಳು. 1979ರಲ್ಲಿ ಇಲ್ಲಿ ಮೀಟರ್ ಗೇಜ್ ಹಳಿ ತೆರೆಯಿತು. ಬ್ರಾಡ್ ಗೇಜ್ ಮಾಡುವುದಕ್ಕೆಂದು 1996ರಲ್ಲಿ ನಿಲ್ಲಿಸಿದರು. 2006ರಲ್ಲಿ ಗೂಡ್ಸ್ ಗಾಡಿ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಶುರುವಾದವು. 2021ರಲ್ಲಿ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ ಬಂದ ಮೇಲಂತೂ ಬೆಂಗಳೂರಿನವರಿಗೆ ಇದೇ ಒಂದು ಪ್ರವಾಸ.

ನಮ್ಮ ಮಾವನವರು ಹರೆಯದಲ್ಲಿ ಗುತ್ತಿಗೆದಾರರ ಕೈಕೆಳಗೆ ಈ ಘಾಟಿಯಲ್ಲಿ ಕಲ್ಲು ಹೊತ್ತವರು. ಈಗ ಮೊಣಕಾಲು ಸೋತಿದೆ, ಸ್ಟೇಷನ್ನಿನ ಮೆಟ್ಟಿಲು ಹತ್ತಲಾರರು. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವ ನನ್ನ ಮಗಳು, "ತಾತಾ, ಘಾಟಿನೇ ಮನೆಗೆ ತರ್ತೀನಿ" ಅಂದಳು. ಮೊದಲು ಅಟ್ಟದ ಮೇಲೆ ಕಟ್ಟುವ ಮಾತಿತ್ತು. ಮಾವ ಹತ್ತುವುದು ಹೇಗೆ? ಅದಕ್ಕೇ ಕೆಳಗಿನ ಕೋಣೆ, ಕುರ್ಚಿಯಲ್ಲಿ ಕೂತೇ ನೋಡುವಂತೆ ಎರಡೂವರೆ ಅಡಿ ಎತ್ತರದ ಮೇಜು.

ಮಾದರಿ ರೈಲಿಗೆ ಬಗೆಬಗೆಯ ಅಳತೆಗಳಿವೆ. ಹೆಚ್ಚು ರೂಢಿಯಲ್ಲಿರುವುದು ಎಚ್‌ಓ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಲೆಕ್ಕ ಹಾಕಿ ನೋಡಿ: 55 ಕಿಲೋಮೀಟರನ್ನು 87ರಿಂದ ಭಾಗಿಸಿದರೆ 632 ಮೀಟರ್! ಇಡೀ ಘಾಟಿ ಮಾಡಲು ನಮ್ಮ ಮನೆಯಿರಲಿ, ತೋಟವೂ ಸಾಲದು. ನಮ್ಮ ಹತ್ತಿರ ಇದ್ದದ್ದು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪ್ಲೈವುಡ್ ಹಲಗೆ. ಹಾಗಾಗಿ ಏನು ಇಡಬೇಕು ಅನ್ನುವುದಕ್ಕಿಂತ ಏನು ಬಿಡಬೇಕು ಅನ್ನುವುದೇ ದೊಡ್ಡ ಯೋಚನೆಯಾಯಿತು. ಹೆಣ್ಣುಮಕ್ಕಳಿಗೆ ಇದು ಹೊಸದೇನಲ್ಲ, ತಿಂಗಳ ಸಾಮಾನಿನ ಪಟ್ಟಿ ಬರೆಯುವಾಗ ನಾವು ಮಾಡುವುದೂ ಇದನ್ನೇ. ಕಡೆಗೆ ಉಳಿದದ್ದು ಒಂದು ನಿಲ್ದಾಣ, ಒಂದು ಸೇತುವೆ, ಎರಡು ಸುರಂಗ. ನಿಲ್ದಾಣ ಯಾವುದು ಅಂತ ಕೇಳುವ ಮೊದಲೇ ಮಾವ "ಎಡಕುಮೇರಿ" ಅಂದುಬಿಟ್ಟರು.

ಹಳಿ ಜೋಡಿಸಿದ ದಿನ ಅವರು ಬಗ್ಗಿ ನೋಡಿ, "ಇದೇನಮ್ಮ, ಬ್ರಾಡ್ ಗೇಜಿಗೆ ಸಣ್ಣದಾಯ್ತಲ್ಲ" ಅಂದರು. ಅವರ ಕಣ್ಣು ನಿಜ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿ 16.5 ಮಿಲಿಮೀಟರ್ ಅಗಲ, ಅದು ಪರದೇಶದ 1435 ಮಿಲಿಮೀಟರ್ ಹಳಿಗೆ ಸರಿಹೊಂದುವ ಅಳತೆ. ನಮ್ಮ ದೇಶದ ಬ್ರಾಡ್ ಗೇಜ್ 1676. ಸರಿಯಾಗಿ ಮಾಡಿದರೆ ಹಳಿ 19 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಬೇಕು.

ಏರನ್ನು ಮಾತ್ರ ಬಿಡಲಿಲ್ಲ. 50ಕ್ಕೆ ಒಂದು ಅಂದರೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್. ಒಂದು ಹಳಿಯ ಮೇಲೆ ಇನ್ನೊಂದು ಹಾದುಹೋಗಲು ಎಂಟು ಸೆಂಟಿಮೀಟರ್ ಎತ್ತರ ಬೇಕೆಂದರೆ ಹತ್ತಲು ನಾಲ್ಕು ಮೀಟರ್, ಇಳಿಯಲು ನಾಲ್ಕು ಮೀಟರ್. ಹಾಗಾಗಿ ಹಳಿ ಚಕ್ಕುಲಿಯ ಹಾಗೆ ಸುತ್ತಿಕೊಂಡಿತು. ವೇಗಕ್ಕೂ ಲೆಕ್ಕ ಇದೆ. ಘಾಟಿಯಲ್ಲಿ ಗಾಡಿ ಗಂಟೆಗೆ 30 ಕಿಲೋಮೀಟರಿನ ಮೇಲೆ ಹೋಗುವುದಿಲ್ಲ. ನಮ್ಮ ಅಳತೆಯಲ್ಲಿ ಅದು ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್. ಮೇಜಿನ ಈ ತುದಿಯಿಂದ ಆ ತುದಿಗೆ 25 ಸೆಕೆಂಡು. ಮಗಳಿಗೆ ಇದು ಆಮೆ ನಡಿಗೆ. ಮಾವನಿಗೆ ಮಾತ್ರ, "ಘಾಟಿ ಅಂದ್ರೆ ಹಿಂಗೇ."

ಗುಡ್ಡ ಕಟ್ಟುವುದು ನನ್ನ ಪಾಲಿಗೆ ಬಂತು. ಥರ್ಮೊಕೋಲ್ ಹಲಗೆ ಕತ್ತರಿಸಿ ಒಂದರ ಮೇಲೊಂದು ಅಂಟಿಸಿ, ಮೇಲೆ ಹಳೆಯ ಪತ್ರಿಕೆಯ ಚೂರನ್ನು ಮೈದಾ ಅಂಟಿನಲ್ಲಿ ಹಚ್ಚಿ ಒಣಗಿಸಿದೆ. ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿದರೆ ಹುಳು ಹತ್ತುವುದಿಲ್ಲ (ಅದು ವಿಷ, ಅಡುಗೆಯ ಪಾತ್ರೆ ಬಳಸಬೇಡಿ, ಕೈ ಚೆನ್ನಾಗಿ ತೊಳೆಯಿರಿ, ಮಕ್ಕಳನ್ನು ದೂರವಿಡಿ). ಮಣ್ಣಿಗೆ ಬಿಸಿಲಲ್ಲಿ ಒಣಗಿಸಿದ ಕಾಫಿ ಚರಟ. ಮರಗಳಿಗೆ ಒಣಗಿದ ಹೀರೇಕಾಯಿಯ ನಾರು ಕತ್ತರಿಸಿ ಹಸಿರು ಬಣ್ಣದಲ್ಲಿ ಅದ್ದಿದ್ದು. ನಮ್ಮ ಮಳೆಗಾಲದ ತೇವಕ್ಕೆ ಪ್ಲೈವುಡ್ ಉಬ್ಬದಂತೆ ಎರಡೂ ಕಡೆ ಬಣ್ಣ ಬಳಿಯಬೇಕು, ವಾರಕ್ಕೊಮ್ಮೆ ಹಳಿಯನ್ನು ಒಣ ಬಟ್ಟೆಯಲ್ಲಿ ಒರೆಸಬೇಕು. ಖರ್ಚಿನ ಮಾತು ಬೇರೆ. ಒಂದು ಎಂಜಿನ್ನಿಗೆ ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಮಿಕ್ಸಿಯೇ ಬರುತ್ತಿತ್ತು!

ಇನ್ನು ಕಂಪ್ಯೂಟರು. ಹಿಂದೆಲ್ಲ ಹಳಿಗೆ ಕರೆಂಟು ಜಾಸ್ತಿ ಕೊಟ್ಟರೆ ಗಾಡಿ ಜೋರು, ಕಡಿಮೆ ಕೊಟ್ಟರೆ ನಿಧಾನ. ಹಳಿಯ ಮೇಲೆ ಎರಡು ಎಂಜಿನ್ ಇದ್ದರೆ ಎರಡೂ ಒಟ್ಟಿಗೇ ಓಡುತ್ತಿದ್ದವು. 1990ರ ದಶಕದಲ್ಲಿ ಬಳಕೆಗೆ ಬಂದ ಡಿಸಿಸಿ ಪದ್ಧತಿಯಲ್ಲಿ ಹಳಿಯಲ್ಲೇ ಕರೆಂಟೂ ಹೋಗುತ್ತೆ, ಮಾತೂ ಹೋಗುತ್ತೆ. ಪ್ರತಿ ಎಂಜಿನ್ನಿಗೂ ಒಂದು ನಂಬರು. "3ನೇ ನಂಬರು ನಿಲ್ಲು" ಎಂದರೆ ಅದೊಂದೇ ನಿಲ್ಲುತ್ತದೆ. ತುಂಬಿದ ಮನೆಯಲ್ಲಿ ಹೆಸರು ಹಿಡಿದು ಕರೆದರೆ ಆ ಮಗು ಮಾತ್ರ ಓಗೊಡುವ ಹಾಗೆ. ಹಳಿಯ ಪಕ್ಕದ ಪುಟ್ಟ ಇನ್‌ಫ್ರಾರೆಡ್ ಕಣ್ಣುಗಳು ಗಾಡಿ ಎಲ್ಲಿದೆ ಅಂತ ಆರ್ಡುಯಿನೊ ಎಂಬ ಅಂಗೈಯಗಲದ ಹಲಗೆಗೆ ತಿಳಿಸುತ್ತವೆ. ಅದು ಕಂಪ್ಯೂಟರಿಗೆ ಹೇಳುತ್ತದೆ. ಜೆಎಂಆರ್‌ಐ ಎಂಬ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ನಮ್ಮದು ಒಂಟಿ ಹಳಿ. ಎದುರು ಗಾಡಿ ಎಡಕುಮೇರಿಯ ಪಕ್ಕದ ಹಳಿಗೆ ಸರಿದು ನಿಲ್ಲುವ ತನಕ ಇನ್ನೊಂದನ್ನು ಬಿಡುವುದೇ ಇಲ್ಲ.

ಎಲ್ಲ ಮುಗಿದು ಗಾಡಿ ತಾನಾಗಿ ಓಡಿದಾಗ ನಾವು ಚಪ್ಪಾಳೆ ತಟ್ಟಿದೆವು. ಮಾವ ತಟ್ಟಲಿಲ್ಲ. "ಗಾಡಿಗೆ ಗಾಡಿ ಗುದ್ದದ ಹಂಗೆ ಮಾಡಿದೀಯ ಕೂಸೇ, ಸರಿ. ಗುಡ್ಡ ಜರಿದ್ರೆ ಯಾರು ನೋಡ್ತಾರೆ?" ಎಂದರು. ನಮ್ಮ ಬಾಯಿ ಕಟ್ಟಿತು. 2018ರ ಆಗಸ್ಟಿನ ಮಳೆಯಲ್ಲಿ ಈ ಘಾಟಿಯಲ್ಲಿ ಹತ್ತಾರು ಕಡೆ ಮಣ್ಣು ಕುಸಿದು ರೈಲು ನಿಂತದ್ದು ನಮ್ಮ ಕಡೆಯವರು ಮರೆಯುವುದುಂಟೇ? 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಮತ್ತೆ ಕುಸಿಯಿತು. ಮಳೆಗಾಲದಲ್ಲಿ ಹಳಿಯುದ್ದಕ್ಕೂ ಟಾರ್ಚು ಹಿಡಿದು ನಡೆದು, ಮಣ್ಣು, ಮರ, ಬಂಡೆ ನೋಡುವವರು ರೈಲ್ವೆಯ ಟ್ರ್ಯಾಕ್‌ಮನ್‌ಗಳು. ನಮ್ಮ ಪುಟ್ಟ ಘಾಟಿಯಲ್ಲಿ ಆ ಮನುಷ್ಯನೇ ಇರಲಿಲ್ಲ.

ಮಗಳು ಎರಡು ದಿನ ಕೂತು ಪ್ರೋಗ್ರಾಂ ತಿದ್ದಿದಳು. ಈಗ 'ಮಳೆಗಾಲ' ಎಂಬ ಸ್ವಿಚ್ಚು ಹಾಕಿದರೆ ಯಾವ ಗಾಡಿಯೂ ಎಡಕುಮೇರಿ ಬಿಟ್ಟು ಕದಲುವುದಿಲ್ಲ. ಮಾವನ ಕುರ್ಚಿಯ ಪಕ್ಕ ಒಂದು ಹಸಿರು ಗುಂಡಿ ಇದೆ. ಅವರು ಕಣ್ಣಾಡಿಸಿ, ಹಳಿ ಸರಿಯಿದೆ ಎಂದು ಅದನ್ನು ಒತ್ತಿದ ಮೇಲೆಯೇ ಕಂಪ್ಯೂಟರಿಗೆ ಅಪ್ಪಣೆ. ಮೊಣಕಾಲು ಸೋತ ಮೇಲೆ ಮೂಲೆ ಹಿಡಿದಿದ್ದ ಜೀವ ಈಗ ಸಂಜೆ ಐದಕ್ಕೆ ಸರಿಯಾಗಿ ಡ್ಯೂಟಿಗೆ ಹಾಜರು. ಕಾಫಿ ಕೊಡಲು ಹೋದರೂ "ತಡಿಯಮ್ಮ, ಗೂಡ್ಸ್ ಬರ್ತಾ ಇದೆ" ಅಂತಾರೆ!

ನೀವೂ ಇಂಥದ್ದು ಮಾಡುವುದಿದ್ದರೆ ಮೊದಲು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಅದು ಶುರುವಾದದ್ದೂ ನಮ್ಮ ಘಾಟಿಯ ಹಳಿ ತೆರೆದ 1979ರಲ್ಲೇ. ಪುಣೆಯ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ, 2001ರಲ್ಲಿ ತೆರೆದ ಜರ್ಮನಿಯ ಹ್ಯಾಂಬರ್ಗಿನ ಮಿನಿಯೇಚರ್ ವಂಡರ್‌ಲ್ಯಾಂಡ್ ಈ ಹವ್ಯಾಸದಲ್ಲಿ ಹೆಸರಾದವು. ಆಮೇಲೆ ಒಂದು ಎಂಜಿನ್, ಒಂದು ಸುತ್ತು ಹಳಿಯಿಂದ ಶುರುಮಾಡಿ. ಕಂಪ್ಯೂಟರು ಕಡೆಗೆ ಬರಲಿ.

ನಿಜವಾದ ಘಾಟಿಯನ್ನು ಹಗಲು ಗಾಡಿಯಲ್ಲೇ ನೋಡಿ. ಹಳಿಯ ಮೇಲೆ ನಡೆಯುವುದಕ್ಕೆ ನಿಷೇಧವಿದೆ, ಚಾರಣದ ಆಸೆಗೆ ಇಳಿಯಬೇಡಿ. ಮಳೆಯಲ್ಲಿ ಗಾಡಿ ಎಡಕುಮೇರಿಯಲ್ಲಿ ಸುಮ್ಮನೆ ನಿಂತುಬಿಟ್ಟರೆ ಗೊಣಗಬೇಡಿ. ಮುಂದೆ ಯಾರೋ ಒಬ್ಬ ನೆನೆಯುತ್ತ ನಿಮಗಾಗಿ ಹಳಿ ನೋಡುತ್ತಿರಬಹುದು.