ಎಲ್ಲವೂ ಮಣ್ಣಿನ ಮೇಲೆ

ಷೇರೆಂದರೆ ಜೂಜು ಎಂದು ನಂಬಿಕೊಂಡೇ ಬೆಳೆದವನು ನಾನು. ಬಾಂಡ್ ಎಂದರೇನೆಂದು ವಿಚಾರಿಸಿಯೂ ಇರಲಿಲ್ಲ. ಬ್ಯಾಂಕ್ ಠೇವಣಿಯ ಬಡ್ಡಿ ಇಳಿಯತೊಡಗಿದಾಗ, ಹಣವನ್ನು ಒಂದೇ ಕಡೆ ಇಡಬಾರದು ಎಂಬ ಮಾತು ಮನಸ್ಸಿಗೆ ನಾಟಿತು. ಹಂಚಿದೆ. ನೆಲಮಂಗಲದ ಆಚೆ ಒಂದು ರೆವಿನ್ಯೂ ಸೈಟು, ಬಿಡದಿ ಕಡೆ ಇನ್ನೊಂದು. ಸೈಟು ಕೊಡಿಸಿದವರೇ ನಡೆಸುತ್ತಿದ್ದ ಚೀಟಿಗೆ ತಿಂಗಳು ತಿಂಗಳೂ ಕಂತು. ಮಿಕ್ಕಿದ್ದು ಮನೆ ಕಟ್ಟಿ ಮಾರುವ ಪರಿಚಯಸ್ಥರೊಬ್ಬರ ಕೈಗೆ, ಬಡ್ಡಿಗೆ. ಒಂದು ಕೈಕೊಟ್ಟರೂ ಮೂರು ಉಳಿಯುತ್ತವೆ ಎಂದು ಹೆಂಡತಿಗೆ ಹಾಳೆಯ ಮೇಲೆ ಬರೆದು ತೋರಿಸಿದೆ. ‘ಎಲ್ಲಾ ಮಣ್ಣಿನ ಮೇಲೇ ಇದೆಯಲ್ರೀ’ ಎಂದಳು. ನಿನಗೆ ಇದೆಲ್ಲ ತಿಳಿಯುವುದಿಲ್ಲ ಎಂದುಬಿಟ್ಟೆ. ಆ ಮಾತು ಇಂದಿಗೂ ಚುಚ್ಚುತ್ತದೆ.

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿಯ ನೋಟುಗಳು ರದ್ದಾದವು. ಅದೇ ಚಳಿಗಾಲದಲ್ಲಿ ಅಮ್ಮನಿಗೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಸೈಟು ಮಾರುತ್ತೇನೆಂದರೆ ಕೇಳುವವರಿಲ್ಲ. ಕೃಷಿಯಿಂದ ವಸತಿಗೆ ಕನ್ವರ್ಷನ್ ಆಗದ ಜಮೀನಿನ ಮೇಲೆ ಬ್ಯಾಂಕು ಸಾಲ ಕೊಡದು. ಚೀಟಿಯವರ ದುಡ್ಡೂ ಸೈಟುಗಳಲ್ಲೇ ಸಿಕ್ಕಿಬಿದ್ದಿತ್ತು. ಬಡ್ಡಿಗೆ ಪಡೆದವರು ಕಟ್ಟಿದ ಮನೆ ಮಾರಾಟವಾಗದೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

ಕೊನೆಗೆ ಉಳಿದದ್ದು ನಾನು ಹಾಳೆಯಲ್ಲಿ ಲೆಕ್ಕಕ್ಕೇ ಹಿಡಿಯದಿದ್ದ ಹೆಂಡತಿಯ ಬಳೆ, ಸರ. ಕೇಳಲು ನನಗೆ ಬಾಯಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ, ನೆಂಟರೆಲ್ಲ ನೋಡುತ್ತಿದ್ದಂತೆಯೇ, ಅವಳೇ ಬಿಚ್ಚಿಕೊಟ್ಟಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತೇನೋ. ಒಡವೆಯ ಬೆಲೆಯಲ್ಲಿ ಶೇ 75ರವರೆಗೆ ಸಾಲ ಕೊಡಲು ನಿಯಮವಿತ್ತು. ತೂಕ ಹಾಕಿದ ದಿನವೇ ಹಣ ಖಾತೆಗೆ ಬಂತು. ಅಮ್ಮ ಗುಣವಾದರು.

ಚಿನ್ನದ ಬೆಲೆಯೂ ಬೀಳುತ್ತದೆ, 2013ರಲ್ಲಿ ಬಿದ್ದಿತ್ತು. ಆದರೆ ಅದರ ಬೆಲೆ ಬೆಂಗಳೂರಿನ ಹೊರವಲಯದಲ್ಲಿ ತೀರ್ಮಾನವಾಗುವುದಿಲ್ಲ. ನನ್ನ ನಾಲ್ಕೂ ಹೂಡಿಕೆಗಳಿಗೆ ಹಣ ಬರಬೇಕಾದದ್ದು ಸೈಟು ಕೊಳ್ಳುವ ಒಬ್ಬನೇ ಮನುಷ್ಯನ ಜೇಬಿನಿಂದ ಎಂಬುದು ಹೊಳೆಯಲು ಅಷ್ಟು ದೂರ ಬರಬೇಕಾಯಿತು.

2019ರಲ್ಲಿ ದೇಶದ ಮೊದಲ ರೀಟ್, ಎಂಬಸಿ, ಷೇರುಪೇಟೆಗೆ ಬಂದಾಗ ಮನಸ್ಸು ಅತ್ತ ಓಡಿತು. ಆಫೀಸು ಕಟ್ಟಡಗಳ ಬಾಡಿಗೆಯಲ್ಲಿ ಪಾಲು. ಹಂಚಬಹುದಾದ ಹಣದಲ್ಲಿ ಕನಿಷ್ಠ ಶೇ 90 ಹೂಡಿಕೆದಾರರಿಗೆ ಸಲ್ಲಲೇಬೇಕು. ಬೇಕೆಂದ ದಿನ ಪೇಟೆಯಲ್ಲಿ ಮಾರಬಹುದು. ಸೈಟಿಗಿಂತ ಎಷ್ಟೋ ವಾಸಿ. ಆದರೂ ತಡೆದೆ. ಆ ಬಾಡಿಗೆಯ ದೊಡ್ಡ ಪಾಲು ಬರುವುದು ಬೆಂಗಳೂರಿನ ಟೆಕ್ ಪಾರ್ಕುಗಳಿಂದ. ನನ್ನ ಸಂಬಳವೂ ಬರುವುದು ಅಲ್ಲಿಂದಲೇ. ಐಟಿಗೆ ಕಷ್ಟ ಬಂದರೆ ಕೆಲಸ, ಬಾಡಿಗೆ ಎರಡಕ್ಕೂ ಒಟ್ಟಿಗೇ ಪೆಟ್ಟು. ಹೂಡಿಕೆಯ ಪಟ್ಟಿಯಲ್ಲಿ ನಾವು ಮಾಡುವ ನೌಕರಿಯನ್ನೂ ಬರೆಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ರೀಟ್ ಸ್ವಲ್ಪವೇ ಕೊಂಡೆ. ವರ್ಷಕ್ಕೆ ಶೇ 2.5 ಬಡ್ಡಿಯ, ಆಗ ಸರ್ಕಾರ ಹೊರಡಿಸುತ್ತಿದ್ದ ಚಿನ್ನದ ಬಾಂಡ್ ಹೆಚ್ಚಾಗಿ ಕೊಂಡೆ. ದೇಶದ ನಾನಾ ಉದ್ಯಮಗಳಿಗೆ ಹರಡಿಕೊಂಡಿರುವ ಇಂಡೆಕ್ಸ್ ಫಂಡಿಗೂ ಜಾಗ ಕೊಟ್ಟೆ, ಜೂಜೆಂದು ಅಷ್ಟು ವರ್ಷ ದೂರವಿಟ್ಟಿದ್ದ ಷೇರುಗಳೇ ಅವು. ಆರು ತಿಂಗಳ ಮನೆಖರ್ಚು ಠೇವಣಿಯಲ್ಲಿದೆ. ಯಾವುದನ್ನು ಎಷ್ಟು ಎಂಬುದನ್ನು ಈಗ ನಾನೂ ಹೆಂಡತಿಯೂ ಕೂತು ತೀರ್ಮಾನಿಸುತ್ತೇವೆ, ಅವಳು ಬೇಡವೆಂದದ್ದನ್ನು ಕೊಳ್ಳುವುದಿಲ್ಲ.