ಪುಕ್ಕಟೆ ಅಕ್ಕಿ, ಕೊಂಡ ಜೋಳ

ವಿಕ್ರೋಳಿ ಪಶ್ಚಿಮದ ಪಾರ್ಕ್‌ಸೈಟ್. ಏರಿನ ತಿರುವಿನಲ್ಲಿ ರಿಕ್ಷಾ ಇಳಿದು ಗಲ್ಲಿ ಹೊಕ್ಕರೆ ಮೂಲೆಯಲ್ಲೇ ರೇಷನ್ ಅಂಗಡಿ. ಸಾಲಿನ ಕೊನೆಗೆ ನಿಲ್ಲುತ್ತೀರಿ. ಮರಾಠಿ, ಹಿಂದಿ, ಭೋಜಪುರಿಯ ಗದ್ದಲದೊಳಗಿಂದ "ಯಕ್ಕಾ, ಚೂರು ಮುಂದ ಸರೀರಿ" ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ತಿರುಗಿ ನೋಡುತ್ತೀರಿ. ಸಿಂದಗಿ ಕಡೆಯ ಹೆಂಗಸು. ನಾಲ್ಕು ಮನೆಯ ಭಾಂಡೆ ಮುಗಿಸಿ ಬಂದಿದ್ದಾಳೆ. ಸೆರಗಿನ ತುದಿ ಇನ್ನೂ ಒದ್ದೆ.

ಅವಳ ಕೈಯಲ್ಲಿರುವುದು ಕರ್ನಾಟಕದ ಬಿಪಿಎಲ್ ಕಾರ್ಡು. ಅಂಗಡಿಯವನು ನಂಬರು ಒತ್ತುತ್ತಾನೆ, ಯಂತ್ರದಲ್ಲಿ ಐದು ಹೆಸರು ಮೂಡುತ್ತವೆ. ಅವಳು ಹೆಬ್ಬೆಟ್ಟು ಇಡುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಸಾಬೂನು, ಬೂದಿ, ತಂತಿಜುಂಗಿನಲ್ಲಿ ಬೆರಳಿನ ಗೆರೆ ಸವೆದುಹೋಗಿವೆ. ಸೆರಗಿಗೆ ಒರೆಸಿ ತೋರುಬೆರಳು ಇಡುತ್ತಾಳೆ. ಹಿಂದಿನವರು ಗೊಣಗುವಷ್ಟರಲ್ಲಿ ಯಂತ್ರ ಒಪ್ಪುತ್ತದೆ.

"ಕಿತೀ ಜಣಾಂಚಂ?"

"ತೀನ್."

ಇಲ್ಲಿರುವ ಮೂವರಿಗೆ ತಲೆಗೆ 5ರಂತೆ 15 ಕೆಜಿ. ಅತ್ತೆ-ಮಾವನ 10 ಕೆಜಿ ಊರಿನ ಅಂಗಡಿಯಲ್ಲಿ. 2020ರ ಜನವರಿಯಲ್ಲಿ ಕರ್ನಾಟಕ, ಮಹಾರಾಷ್ಟ್ರ ಸೇರಿ 12 ರಾಜ್ಯಗಳು ರೇಷನ್ ಕಾರ್ಡಿನ ಒಂದೇ ಜಾಲಕ್ಕೆ ಬಂದ ಮೇಲೆ ಹೀಗೆ ಪಾಲು ಹಂಚಿ ಎತ್ತಲು ದಾರಿಯಾಯಿತು. 2023ರಿಂದ ಈ ಧಾನ್ಯಕ್ಕೆ ದುಡ್ಡೂ ಇಲ್ಲ. ಆದರೆ ಗಡಿ ದಾಟಿ ಬರುವುದು ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯ ಯೋಜನೆಯಲ್ಲಿ ಕರ್ನಾಟಕ ತನ್ನ ಬೊಕ್ಕಸದಿಂದ ಸೇರಿಸುವುದು ಇಲ್ಲಿ ಸಿಗದು. 2023ರ ಜುಲೈನಲ್ಲಿ ಆ ಹೆಚ್ಚುವರಿ ಅಕ್ಕಿ ಹೊಂದಿಸಲಾಗದೆ ರಾಜ್ಯ ಸರ್ಕಾರ ಅದರ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕತೊಡಗಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಗೆ ಮರಳಿತು.

"ರೊಕ್ಕ ಇದ್ದಾಗ ಅತ್ತಿ ಖಾತಿಗೆ ಬರ್ತಿತ್ರಿ, ನಮಗ ಕಳಸ್ತಿದ್ಲು. ಅಕ್ಕಿ ಹೆಂಗ ಕಳಸ್ತಾಳ?" ಅನ್ನುತ್ತಾಳೆ.

ತಕ್ಕಡಿಯ ಮುಂದೆ ನಿಮ್ಮ ಕಣ್ಣೂ ಅವಳ ಕಣ್ಣೂ ಮುಳ್ಳಿನ ಮೇಲೆ. ಒಂದು ಚೀಲಕ್ಕೆ ಅಕ್ಕಿ, ಇನ್ನೊಂದಕ್ಕೆ ಗೋಧಿ. "ಜ್ವಾರಿ ಆಲೀ ಕಾ?" ಎಂದು ಕೇಳುತ್ತಾಳೆ. ಅಂಗಡಿಯವನು ತಲೆಯಾಡಿಸುತ್ತಾನೆ: ಬಂದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿಗೆ 3, ಗೋಧಿಗೆ 2, ಜೋಳ-ರಾಗಿಯಂಥ ಧಾನ್ಯಕ್ಕೆ 1 ರೂಪಾಯಿ ಎಂದು ಬರೆದಿತ್ತು. ಜೋಳಕ್ಕೂ ಪ್ರತಿವರ್ಷ ಬೆಂಬಲ ಬೆಲೆ ಸಾರುತ್ತಾರೆ. ಆದರೆ 1965ರಲ್ಲಿ ಹುಟ್ಟಿದ ಆಹಾರ ನಿಗಮದ ಗೋದಾಮು ತುಂಬಿದ್ದು ಭತ್ತ-ಗೋಧಿಯಿಂದ. ಸರ್ಕಾರ ಏನನ್ನು ರಾಶಿಗಟ್ಟಲೆ ಕೊಳ್ಳುತ್ತದೋ ಅದೇ ತಾನೇ ರೇಷನ್ ಚೀಲಕ್ಕೆ ಬೀಳುವುದು.

ಅವಳ ಒಂದು ಚೀಲ ನಿಮ್ಮ ಕೈಗೆ ಬಂದಿದೆ. ಇಬ್ಬರೂ ಏರು ಹತ್ತುತ್ತೀರಿ. ಅರ್ಧದಾರಿಯಲ್ಲಿ ಕಿರಾಣಿ ಅಂಗಡಿ. ಅವಳು ನಿಂತು ಜೋಳದ ಕಾಳನ್ನು ಅಂಗೈಗೆ ಹಾಕಿಕೊಂಡು ಹುಳ ನೋಡುತ್ತಾಳೆ, ಒಂದು ಕಾಳು ಕಡಿಯುತ್ತಾಳೆ, ರೇಟು ಕೇಳಿ ಮುಖ ಸಿಂಡರಿಸುತ್ತಾಳೆ. ಆದರೂ ಐದು ಕಿಲೋ ತೂಗಿಸುತ್ತಾಳೆ.

"ರೇಷನ್ ಸಿಕ್ಕಿದ್ದು ಉಪಕಾರ ಆತೇನವ್ವಾ?" ಎಂದು ಕೇಳುತ್ತೀರಿ.

"ಆಗದ ಏನ್ರಿ? ಅಕ್ಕಿ ಪುಕ್ಕಟ ಬಂತು ಅಂತ ಜ್ವಾಳಕ್ಕ ರೊಕ್ಕ ಉಳೀತು."