‘ಲಾಸ್ಟ್’ನ ಕೊನೆ, ಮತ್ತೊಮ್ಮೆ

2010ರ ಮೇ ತಿಂಗಳಲ್ಲಿ, ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಕೊಂಡವರ ಕಥೆ ‘ಲಾಸ್ಟ್’ ಮುಗಿದಾಗ ನಾನೂ ಅಣ್ಣನೂ ಬೈದದ್ದೇ ಬೈದದ್ದು. ಆರು ಸೀಸನ್ ನೋಡಿದ್ದಕ್ಕೆ ಇದೇನಾ? ‘ಎಲ್ರೂ ಮೊದಲೇ ಸತ್ತಿದ್ರು, ಬಿಡೋ’ ಅಂದ ಅಣ್ಣ. ನಾನೂ ಅದನ್ನೇ ನಂಬಿದೆ.

ಮೊನ್ನೆ ಮತ್ತೆ ನೋಡಿದೆ. ಕೊನೆಗೆ ಚರ್ಚಿನಲ್ಲಿ ಜ್ಯಾಕ್‌ನ ತೀರಿಹೋದ ಅಪ್ಪ ಬಿಡಿಸಿಯೇ ಹೇಳ್ತಾನೆ: ದ್ವೀಪದಲ್ಲಿ ನಡೆದದ್ದೆಲ್ಲ ನಿಜ, ಸಾವು ಒಬ್ಬೊಬ್ಬರಿಗೆ ಒಂದೊಂದು ಕಾಲಕ್ಕೆ ಬಂತು ಅಂತ. ಉತ್ತರ ಸಿಗದ ಪ್ರಶ್ನೆಗಳು ಈಗಲೂ ಇವೆ. ಆದರೆ ಈ ಮಾತನ್ನು ಅವತ್ತು ಸಿಟ್ಟಿನಲ್ಲಿ ನಾವು ಕೇಳಿಸಿಕೊಂಡೇ ಇರಲಿಲ್ಲ.

ಅಪ್ಪ ಹೋದ ಮೇಲೆ ಸೈಟಿನ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷ. ಆ ದಿನ ಅವನೂ ಏನೋ ಹೇಳ್ತಿದ್ದ. ನಾನು ಪೂರ್ತಿ ಕೇಳದೆ ಎದ್ದು ಬಂದಿದ್ದೆ. ನಿನ್ನೆ ರಾತ್ರಿ ಮೆಸೇಜ್ ಹಾಕಿದೆ: ‘ಅವರು ಮೊದಲೇ ಸತ್ತಿರಲಿಲ್ಲ ಕಣೋ.’